ಅಪ್ಪನ ಜಾವಾವನ್ನು ಇಂಗ್ಲೆಂಡಿಗೆ ತರುವುದು ಹೇಗೆ?

ಪ್ರಶ್ನೆ: ನಾನು ಕವೆಂಟ್ರಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಕಳೆದ ವರ್ಷ ತಂದೆ ತೀರಿಕೊಂಡರು. ಅವರ 1969ರ ಜಾವಾ 250 ಮೈಸೂರಿನ ಸರಸ್ವತಿಪುರಂ ಮನೆಯ ಶೆಡ್ಡಿನಲ್ಲಿದೆ. ಹದಿನೈದು ವರ್ಷದಿಂದ ಓಡಿಲ್ಲ. ಮನೆಯಲ್ಲಿ ಅಮ್ಮ ಮತ್ತು ತಂಗಿ ಇದ್ದಾರೆ, ಬೈಕನ್ನು ನಾನೇ ತೆಗೆದುಕೊಳ್ಳಲಿ ಅಂತ ಇಬ್ಬರೂ ಹೇಳುತ್ತಾರೆ. ಊರಿನಲ್ಲಿ ಜಾವಾ ಓಡಿಸುವ ಮೂವರು ಗೆಳೆಯರು ಸಹಾಯಕ್ಕೆ ನಿಂತಿದ್ದಾರೆ. "ಪೂರ್ತಿ ಬಿಚ್ಚಿ, ಪೇಂಟ್ ಮಾಡಿಸಿ, ಹೊಸದರ ಹಾಗೆ ಮಾಡಿ ಕಳಿಸ್ತೀವಿ" ಅಂತಾರೆ. ಒಪ್ಪಿಕೊಳ್ಳಲಾ? ತೆರಿಗೆ ಎಷ್ಟು ಬೀಳುತ್ತೆ? ಕಾಗದಪತ್ರ ಏನೇನು ಬೇಕು?

ಉತ್ತರ: ಮೊದಲು ಗೆಳೆಯರಿಗೆ ಫೋನ್ ಮಾಡಿ. ಸ್ಪ್ಯಾನರ್ ಕೆಳಗಿಡೋಕೆ ಹೇಳಿ. ಅವರ ಸಹಾಯ ನಿಮಗೆ ಖಂಡಿತ ಬೇಕು. ಅವರಿಲ್ಲದೆ ಈ ಕೆಲಸ ಆಗೋದೇ ಇಲ್ಲ. ಆದರೆ ಬೇಕಾಗಿರುವುದು ಪೇಂಟಿನ ಸಹಾಯ ಅಲ್ಲ. ಬೈಕ್ ಈಗ ಹೇಗಿದೆಯೋ ಹಾಗೇ ಬರಲಿ. ರಿಸ್ಟೋರ್ ಮಾಡುವ ಆಸೆ ಇದ್ದರೆ ಇಲ್ಲಿಗೆ ಬಂದಮೇಲೆ, ಇಂಗ್ಲೆಂಡಿನ ನಂಬರ್ ಸಿಕ್ಕಿದ ಮೇಲೆ ಮಾಡಿ.

ನನ್ನದೇ ಅನುಭವ ಹೇಳುತ್ತೇನೆ. ನಾನು ನನ್ನ ಬೈಕ್ ತಂದಾಗ ನೀವು ಈಗ ಯೋಚಿಸುತ್ತಿರುವ ಹಾಗೆಯೇ ಯೋಚಿಸಿದ್ದೆ. ಊರಿನಲ್ಲಿ ಕೆಲಸ ಅಗ್ಗ, ಕೈ ಒಳ್ಳೆಯದು, ಅಲ್ಲೇ ಮುಗಿಸೋಣ ಅಂತ. ಪೇಂಟರ್ ಬಹಳ ಮುತುವರ್ಜಿಯಿಂದ ಫ್ರೇಮಿಗೆ ಲಪ್ಪ, ಅಂದರೆ ಪುಟ್ಟಿ, ಹಚ್ಚಿ, ಉಜ್ಜಿ, ಮೂರು ಕೋಟ್ ಹೊಡೆದಿದ್ದ. ಕನ್ನಡಿ ತರಹ ಹೊಳೆಯುತ್ತಿತ್ತು. ಬಂದರಿನ ಗೋದಾಮಿನಲ್ಲಿ ತಪಾಸಣೆಗೆ ನಿಲ್ಲಿಸಿದಾಗ ಚಾಸಿ ನಂಬರ್ ಓದೋಕೆ ಆಗಲಿಲ್ಲ. ಅಂಕಿಗಳೆಲ್ಲ ಲಪ್ಪದ ಕೆಳಗೆ ಹೋಗಿದ್ದವು. ಏಜೆಂಟರ ಹುಡುಗ ಥಿನ್ನರ್ ಮತ್ತು ಬಟ್ಟೆ ಹಿಡಿದು ಅರ್ಧ ದಿನ ಕೂತು ಉಜ್ಜಿದ. ನಂಬರ್ ಸಿಕ್ಕಿತು. ಪೇಂಟ್ ಹೋಯಿತು. ಇದ್ದ ಅಷ್ಟೂ ದಿನಕ್ಕೆ ಗೋದಾಮಿನ ಬಾಡಿಗೆಯನ್ನೂ ಕಟ್ಟಿದೆ. ಆ ನಂಬರನ್ನು ಮೊದಲೇ ಯಾರಾದರೂ ಮರಳು ಹೊಡೆಸಿ ಅಳಿಸಿಬಿಟ್ಟಿದ್ದರೆ ನನ್ನ ಬೈಕ್ ಇಲ್ಲಿಗೆ ಬರುತ್ತಲೇ ಇರಲಿಲ್ಲ.

ಹಳೇ ಬೈಕಿಗೆ ಚಾಸಿ ನಂಬರೇ ಜೀವ. ಆರ್‌ಟಿಒ ನೋಡೋದು ಅದನ್ನೇ, ಕಸ್ಟಮ್ಸ್ ನೋಡೋದೂ ಅದನ್ನೇ. ಇಲ್ಲಿ ಡಿವಿಎಲ್‌ಎ, ಅಂದರೆ ಬ್ರಿಟನ್ನಿನ ಆರ್‌ಟಿಒ, ಕೇಳೋದೂ ಅದನ್ನೇ. ಹಾಗಾಗಿ ಗೆಳೆಯರಿಗೆ ಕೊಡುವ ಮೊದಲ ಕೆಲಸ ಇದು: ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಇರುವ ಜಾಗವನ್ನು ಸೀಮೆಎಣ್ಣೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಬಿಸಿಲಿನಲ್ಲಿ ಫೋಟೊ ತೆಗೆಯಲಿ. ವೈರ್ ಬ್ರಷ್ ಬೇಡ, ಎಮರಿ ಪೇಪರ್ ಬೇಡ. ಆರ್‌ಟಿಒಗೆ ಕೊಡುವ ಹಾಗೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಲಿ, ನಾಲ್ಕೈದು ಪ್ರತಿ. ಅದನ್ನು ಆರ್‌ಸಿ ಪುಸ್ತಕದ ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ಓದಿ ನೋಡಲಿ. ಹಳೇ ಆರ್‌ಸಿಗಳು ಕೈಬರಹದವು. 1 ಮತ್ತು 7, 3 ಮತ್ತು 8 ಅದಲುಬದಲಾಗಿರೋದು ನಾನು ಎಷ್ಟೋ ಸಲ ನೋಡಿದ್ದೇನೆ. ತಪ್ಪಿದ್ದರೆ ಬೈಕ್ ಮೈಸೂರಿನಲ್ಲಿರುವಾಗಲೇ ಆರ್‌ಟಿಒದಲ್ಲಿ ತಿದ್ದಿಸಬೇಕು. ಹಡಗು ಹತ್ತಿದ ಮೇಲೆ ತಿದ್ದಿಸೋದು ತುಂಬಾ ಕಷ್ಟ.

ಎಂಜಿನ್ ವಿಷಯದಲ್ಲೂ ಹುಷಾರು. ಹಳೇ ಜಾವಾ ಎಂಜಿನ್ ಕೆಟ್ಟಾಗ ಯೆಜ್ಡಿ ಎಂಜಿನ್ ಕೂರಿಸೋದು, 6 ವೋಲ್ಟ್ ವೈರಿಂಗ್ ಕಿತ್ತು 12 ವೋಲ್ಟಿನ ಸಿಡಿಐ ಅನ್ನುವ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕೋದು ನಮ್ಮ ಕಡೆ ಮಾಮೂಲು. ದಿನಾ ಓಡಿಸುವವರಿಗೆ ಅದು ಒಳ್ಳೆಯದೇ. ನಿಮಗೆ ಮಾತ್ರ ಅದರಿಂದ ತೆರಿಗೆಯಲ್ಲೇ ಪೆಟ್ಟು ಬೀಳಬಹುದು. ಯಾಕೆ ಅನ್ನೋದನ್ನು ಈಗ ಹೇಳುತ್ತೇನೆ.

ಬ್ರಿಟನ್ನಿಗೆ ಬೈಕ್ ತಂದರೆ ಸಾಮಾನ್ಯವಾಗಿ ಆಮದು ಸುಂಕ ಬೀಳುತ್ತದೆ. ಅದರ ಮೇಲೆ ಶೇ 20ರಷ್ಟು ವ್ಯಾಟ್. ಆದರೆ ಹಳೇ ವಾಹನಗಳಿಗೆ ಬೇರೆ ದಾರಿ ಇದೆ. ವಾಹನಕ್ಕೆ ಕನಿಷ್ಠ 30 ವರ್ಷ ಆಗಿರಬೇಕು. ಆ ಮಾಡೆಲ್ ಈಗ ತಯಾರಾಗುತ್ತಿರಬಾರದು. ಚಾಸಿ, ಸ್ಟೀರಿಂಗ್, ಬ್ರೇಕ್, ಎಂಜಿನ್ ಇಂಥವುಗಳಲ್ಲಿ ದೊಡ್ಡ ಬದಲಾವಣೆ ಆಗದೆ ಮೂಲ ರೂಪದಲ್ಲಿರಬೇಕು. ಇಷ್ಟಿದ್ದರೆ ಅದನ್ನು ಸಂಗ್ರಾಹಕರ ವಸ್ತು ಅಂತ ಕಸ್ಟಮ್ಸ್ ಸುಂಕ ಪಟ್ಟಿಯ 9705 ಎಂಬ ಶೀರ್ಷಿಕೆಯ ಕೆಳಗೆ ತರಬಹುದು. ಆಗ ಸುಂಕ ಸೊನ್ನೆ, ವ್ಯಾಟ್ ಬರೀ ಶೇ 5. ಈ ತೆರಿಗೆಯನ್ನು ಬೈಕಿನ ಬೆಲೆಯ ಮೇಲೆ ಮಾತ್ರ ಹಾಕೋದಿಲ್ಲ. ಬೆಲೆಗೆ ಹಡಗಿನ ಬಾಡಿಗೆ ಮತ್ತು ವಿಮೆ ಸೇರಿಸಿ ಹಾಕುತ್ತಾರೆ. ಲೆಕ್ಕಕ್ಕೆ ಅಂತ ಎಲ್ಲ ಸೇರಿ 2,600 ಪೌಂಡ್ ಇಟ್ಟುಕೊಳ್ಳಿ. ಶೇ 5 ಅಂದರೆ 130 ಪೌಂಡ್. ಶೇ 20 ಅಂದರೆ 520 ಪೌಂಡ್, ಸುಂಕ ಬೇರೆ.

ಪೇಂಟ್ ಮಾಡಿಸಿದ ಮಾತ್ರಕ್ಕೆ ಈ ರಿಯಾಯಿತಿ ಹೋಗೋದಿಲ್ಲ. ಸವೆದ ಭಾಗ ಬದಲಿಸಿ ರಿಪೇರಿ ಮಾಡಿದ್ದರೂ ತೊಂದರೆ ಇಲ್ಲ, ರೂಪ ಕಾಲಕ್ಕೆ ಸರಿಯಾಗಿದ್ದರೆ ಸಾಕು. ಎಂಜಿನ್ನೇ ಬೇರೆ ಆಗಿದ್ದರೆ, ಮುಂದೆ ಡಿಸ್ಕ್ ಬ್ರೇಕ್ ಕೂರಿಸಿದ್ದರೆ ಅಧಿಕಾರಿ ಪ್ರಶ್ನೆ ಕೇಳುತ್ತಾರೆ. ಶೆಡ್ಡಿನಿಂದ ಹಾಗೇ ಬಂದ ಧೂಳು ಹಿಡಿದ ಬೈಕಿಗೆ ಅಂಥ ಪ್ರಶ್ನೆಯೇ ಬರೋದಿಲ್ಲ.

ಆದರೆ ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇದೆ. ನೀವು ಪತ್ರದಲ್ಲಿ ಅದನ್ನು ಕೇಳಿಯೇ ಇಲ್ಲ. ಬಹಳ ಜನಕ್ಕೆ ಇದು ಗೊತ್ತೇ ಇರೋದಿಲ್ಲ. ಬ್ರಿಟನ್ನಿನಲ್ಲಿ ನೆಲೆಸಿದವರು ತೀರಿಕೊಂಡವರಿಂದ ವಾರಸುದಾರರಾಗಿ ಪಡೆದ ವಸ್ತುವನ್ನು ಸುಂಕವೂ ಇಲ್ಲದೆ, ವ್ಯಾಟೂ ಇಲ್ಲದೆ ತರಬಹುದು. ಸ್ವಂತ ಬಳಕೆಯ ವಾಹನವೂ ಇದರಲ್ಲಿ ಸೇರುತ್ತದೆ. ಅದಕ್ಕೆ ಸಿ1421 ಅನ್ನುವ ಫಾರಂ ಇದೆ. ಆಸ್ತಿ ಹಂಚಿಕೆ ಕೊನೆಗೊಂಡ ದಿನದಿಂದ ಸಾಮಾನ್ಯವಾಗಿ 2 ವರ್ಷದೊಳಗೆ ವಸ್ತು ಬರಬೇಕು. ವಸ್ತು ನಿಮಗೆ ಬಂದದ್ದು ತಂದೆಯವರಿಂದಲೇ ಅನ್ನೋದಕ್ಕೆ ದಾಖಲೆ ಬೇಕು. ಹಾಗಾಗಿ ಸುಮ್ನೆ ದಿನ ತಳ್ಳಬೇಡಿ.

ಇಲ್ಲೇ ಒಂದು ಗುಂಡಿ ಇದೆ, ಎಷ್ಟೋ ಮನೆಯವರು ಅದರಲ್ಲಿ ಬೀಳುತ್ತಾರೆ. ಮಗ ಪರದೇಶದಲ್ಲಿದ್ದಾನೆ, ಅವನ ಹೆಸರಿಗೆ ಮಾಡಿಸೋದು ತಲೆನೋವು, ಸದ್ಯಕ್ಕೆ ಆರ್‌ಸಿ ಅಮ್ಮನ ಹೆಸರಿಗೆ ಆಗಲಿ, ಆಮೇಲೆ ಅವನಿಗೆ ಕೊಟ್ಟರಾಯಿತು ಅಂತ ಮಾಡಿಬಿಡುತ್ತಾರೆ. ಹಾಗೆ ಮಾಡಿದರೆ ವಾರಸುದಾರರು ಅಮ್ಮ ಆಗುತ್ತಾರೆ. ನಿಮಗೆ ಬಂದದ್ದು ಅಮ್ಮನ ಉಡುಗೊರೆ ಆಗುತ್ತದೆ. ಉಡುಗೊರೆಗೆ ಈ ವಿನಾಯಿತಿ ಇಲ್ಲ. ಆದ್ದರಿಂದ ತಂದೆಯವರ ಹೆಸರಿನಿಂದ ನೇರ ನಿಮ್ಮ ಹೆಸರಿಗೇ ಬರಲಿ.

ಅದಕ್ಕೆ ಮೈಸೂರಿನಲ್ಲಿ ಆಗಬೇಕಾದ್ದು: ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಬೈಕ್ ನಿಮಗೆ ಬರೋದಕ್ಕೆ ಅಮ್ಮ ಮತ್ತು ತಂಗಿಯ ಒಪ್ಪಿಗೆ ಪತ್ರ, ಅದಕ್ಕೆ ನೋಟರಿ. ಉಯಿಲು ಇದ್ದರೆ ಇನ್ನೂ ಒಳ್ಳೆಯದು. ಆರ್‌ಟಿಒದಲ್ಲಿ ಮಾಲೀಕರು ತೀರಿಕೊಂಡಾಗ ಹೆಸರು ಬದಲಿಸಲು ಫಾರಂ 31. ಒಂದು ಮಾತು. ಒಪ್ಪಿಗೆ ಪತ್ರಕ್ಕೆ ತಂಗಿ ಹತ್ತಿರ ಸಹಿ ಮಾಡಿಸುವ ಕೆಲಸ ಗೆಳೆಯರಿಗೆ ಬಿಡಬೇಡಿ. ನೀವೇ ಫೋನ್ ಮಾಡಿ ಮಾತಾಡಿ. ಆ ಗಾಡಿಯ ಟ್ಯಾಂಕ್ ಮೇಲೆ ಕೂತು ಸ್ಕೂಲಿಗೆ ಹೋದದ್ದು ಬಹುಶಃ ನೀವೊಬ್ಬರೇ ಅಲ್ಲ, ಅಲ್ವಾ? ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಮಾಡಿಸಿ, ಅನುವಾದಕರ ಸಹಿ ಮತ್ತು ಸೀಲ್ ಹಾಕಿಸಿ ಇಟ್ಟುಕೊಳ್ಳಿ.

ಇನ್ನು ಆರ್‌ಸಿ. ನಮ್ಮಲ್ಲಿ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಹದಿನೈದು ವರ್ಷ ಶೆಡ್ಡಿನಲ್ಲಿದ್ದ ಬೈಕಿನ ಆರ್‌ಸಿ ಅವಧಿ ಮುಗಿದೇ ಇರುತ್ತದೆ. 1969ರ ಬೈಕ್ ಅಂದರೆ ಎಂವೈ ಸರಣಿಯ ನಂಬರ್, ರಾಜ್ಯಕ್ಕೆ ಇನ್ನೂ ಮೈಸೂರು ಅನ್ನುವ ಹೆಸರೇ ಇದ್ದ ಕಾಲ. ಇಷ್ಟು ಹಳೇ ದಾಖಲೆ ಎಷ್ಟೋ ಸಲ ಕಂಪ್ಯೂಟರಿನಲ್ಲಿ ಇರೋದಿಲ್ಲ. ಹಳೇ ರಿಜಿಸ್ಟರ್ ಪುಸ್ತಕ ತೆಗೆಸಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು, ಅಂದರೆ ಅದನ್ನು ಕಂಪ್ಯೂಟರಿಗೆ ಹತ್ತಿಸಬೇಕು. ಅದಾದ ಮೇಲೇ ಹೆಸರು ಬದಲಾವಣೆ, ಎನ್‌ಒಸಿ ಎಲ್ಲ. ಇಡೀ ಕೆಲಸದಲ್ಲಿ ಜಾಸ್ತಿ ಕಾಲ ತಿನ್ನೋದು ಇದೇ. ಗೆಳೆಯರ ನಿಜವಾದ ಬೆಲೆ ತಿಳಿಯೋದೂ ಇಲ್ಲೇ. ಜಾವಾದವರಿಗೆ ಈ ಕಚೇರಿಗಳು ಹೊಸದಲ್ಲ. ಯಾವ ಕೌಂಟರ್, ಯಾವ ಅರ್ಜಿ, ಯಾವ ಹೊತ್ತಿಗೆ ಹೋಗಬೇಕು ಅನ್ನೋದು ಅವರಿಗೆ ಗೊತ್ತಿರುತ್ತದೆ. ಪೇಂಟಿಗೆ ಅಂತ ಅವರು ಎತ್ತಿಟ್ಟ ಸಮಯವನ್ನು ಇದಕ್ಕೆ ಕೇಳಿಕೊಳ್ಳಿ. ಜೊತೆಗೆ ವಾಹನ ಕಳವಿನ ಪಟ್ಟಿಯಲ್ಲಿಲ್ಲ ಅನ್ನುವ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆ) ವರದಿಯನ್ನೂ ತೆಗೆಸಿ. ಆರ್‌ಸಿಯ ಮೂಲ ಪ್ರತಿ ನಿಮ್ಮ ಕೈಗೆ ಬರಬೇಕು, ಇಲ್ಲಿ ಡಿವಿಎಲ್‌ಎಗೆ ಅದೇ ಬೇಕು. ದೇಶ ಬಿಟ್ಟು ಪೂರ್ತಿ ಹೋಗುವ ವಾಹನ ಅಂತ ನೋಂದಣಿ ರದ್ದು ಮಾಡಿಸುವಾಗ, ಪುಸ್ತಕವನ್ನು ಕಚೇರಿಯಲ್ಲೇ ಇಟ್ಟುಕೊಂಡರೆ ದೃಢೀಕೃತ ನಕಲನ್ನು ಕೇಳಿ ಪಡೆಯಿರಿ.

ರಫ್ತಿನ ಬಗ್ಗೆ ಭಯ ಬೇಡ. 1940ಕ್ಕೆ ಮೊದಲು ತಯಾರಾದ ಬೈಕುಗಳನ್ನು ಭಾರತದಿಂದ ಹೊರಗೆ ಕಳಿಸಲು ನಿರ್ಬಂಧ ಇದೆ, ಅದಕ್ಕೆ ಪರವಾನಗಿ ಬೇಕು. ನಿಮ್ಮದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. ಅಲ್ಲಿ ಕೆಲಸ ಶುರುವಾದದ್ದೇ 1961ರಲ್ಲಿ. ಹಾಗಾಗಿ ಆ ಮಾತು ನಿಮಗೆ ಅನ್ವಯಿಸೋದಿಲ್ಲ. ವ್ಯಾಪಾರ ಅಲ್ಲದ ಸ್ವಂತ ವಸ್ತು ಆದ್ದರಿಂದ ರಫ್ತುದಾರರ ಐಇಸಿ ನಂಬರೂ ಬೇಡ. ಕಸ್ಟಮ್ಸ್ ಏಜೆಂಟರು ಬೇಕೇ ಬೇಕು. ಅವರಿಗೆ ನಿಮ್ಮ ಪಾಸ್‌ಪೋರ್ಟ್ ಪ್ರತಿ ಮತ್ತು ಅಧಿಕಾರ ಪತ್ರ ಕೊಡಬೇಕು. ಒಂದೇ ಒಂದು ಪ್ರಶ್ನೆ ಕೇಳಿ ಆರಿಸಿ: "ಇದಕ್ಕೆ ಮುಂಚೆ ಹಳೇ ಬೈಕ್ ಕಳಿಸಿದ್ದೀರಾ?" ಗ್ರಾನೈಟ್, ಬಟ್ಟೆ ಕಳಿಸುವವರು ಎಷ್ಟೇ ಒಳ್ಳೆಯವರಾದರೂ ಬೈಕಿನ ಕಾಗದಕ್ಕೆ ತಡಕಾಡುತ್ತಾರೆ.

ಈಗ ಪ್ಯಾಕಿಂಗ್. ಇದರ ಬಗ್ಗೆ ನಾನು ಎಷ್ಟು ಬೇಕಾದರೂ ಮಾತಾಡುತ್ತೇನೆ, ಯಾಕೆಂದರೆ ದುಡ್ಡು ಉಳಿಯೋದೂ ಇಲ್ಲೇ, ಬೈಕ್ ಉಳಿಯೋದೂ ಇಲ್ಲೇ. ಒಂದೇ ಬೈಕಿಗೆ ಇಡೀ ಕಂಟೇನರ್ ಬೇಡ. ಬೇರೆಯವರ ಸಾಮಾನಿನ ಜೊತೆ ಕಂಟೇನರಿನಲ್ಲಿ ಜಾಗ ಹಂಚಿಕೊಂಡು ಬರುತ್ತದೆ. ಬಾಡಿಗೆ ಲೆಕ್ಕ ಘನ ಮೀಟರಿನಲ್ಲಿ. ಬೈಕನ್ನು ಇದ್ದಹಾಗೇ ಪೆಟ್ಟಿಗೆಗೆ ಹಾಕಿದರೆ 2.1 ಮೀಟರ್ ಉದ್ದ, 0.8 ಅಗಲ, 1.2 ಎತ್ತರ ಬೇಕಾಗುತ್ತದೆ ಅಂತಿಟ್ಟುಕೊಳ್ಳಿ. ಅದು 2 ಘನ ಮೀಟರ್. ಮುಂದಿನ ಚಕ್ರ ಮತ್ತು ಮಡ್‌ಗಾರ್ಡ್ ತೆಗೆದು, ಹ್ಯಾಂಡಲ್ ಬಿಚ್ಚಿ ಟ್ಯಾಂಕ್ ಪಕ್ಕಕ್ಕೆ ಕಟ್ಟಿದರೆ 1.9, 0.6, 1.1ಕ್ಕೆ ಇಳಿಸಬಹುದು. ಅದು ಒಂದೂಕಾಲು ಘನ ಮೀಟರ್. ನಾಲ್ಕು ಬೋಲ್ಟ್ ಬಿಚ್ಚಿದ್ದಕ್ಕೆ ಬಾಡಿಗೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಉಳಿಯಿತು. ಗೆಳೆಯರು ಬಿಚ್ಚಬೇಕಾದ್ದು ಇಷ್ಟೇ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಆಯಾ ಜಾಗಕ್ಕೇ ಮತ್ತೆ ತಿರುಗಿಸಿ ಇಡಲಿ. ಡಬ್ಬಿಯಲ್ಲಿ ಹಾಕಿದರೆ ಇಲ್ಲಿ ನೀವು ಗಂಟೆಗಟ್ಟಲೆ ಹುಡುಕಬೇಕು.

ಫ್ರೇಮಿನಿಂದಲೇ ಬೈಕನ್ನು ಪೆಟ್ಟಿಗೆಯ ತಳಕ್ಕೆ ಬಿಗಿಯಬೇಕು. ಹ್ಯಾಂಡಲಿಗೆ ಹಗ್ಗ ಕಟ್ಟಿ ನಿಲ್ಲಿಸಿದರೆ ಹಡಗು ಅಲ್ಲಾಡಿದಾಗ ಫೋರ್ಕ್ ಸೀಲ್ ಹೋಗುತ್ತದೆ. ಮುಂದಿನ ಆಕ್ಸಲ್ ಕೂರಲು ಮರದ ಕಟ್ಟೆ ಮಾಡಿ, ಸೆಂಟರ್ ಸ್ಟ್ಯಾಂಡ್ ಮೇಲೆ ಭಾರ ಬೀಳದ ಹಾಗೆ ನೋಡಿಕೊಳ್ಳಲಿ. ಪೆಟ್ರೋಲ್ ಒಂದು ತೊಟ್ಟೂ ಇರಬಾರದು. ಟ್ಯಾಂಕ್ ಖಾಲಿ ಮಾಡಿ ಮುಚ್ಚಳ ತೆಗೆದಿಟ್ಟು ಒಣಗಿಸಬೇಕು, ಕಾರ್ಬುರೇಟರ್ ಬಟ್ಟಲನ್ನೂ ಖಾಲಿ ಮಾಡಬೇಕು. ಹಡಗಿನವರಿಗೆ ಪೆಟ್ರೋಲ್ ಗಾಡಿ ಅಂದರೆ ಅಪಾಯಕಾರಿ ಸರಕು. ಹಳೇ ಬ್ಯಾಟರಿ ಕಳಿಸಲೇ ಬೇಡಿ.

ಮರದ ಬಗ್ಗೆ ಒಂದು ಮುಖ್ಯ ವಿಷಯ. ಮರದ ಪ್ಯಾಕಿಂಗಿಗೆ ಐಎಸ್‌ಪಿಎಂ 15 ಅನ್ನುವ ಅಂತರರಾಷ್ಟ್ರೀಯ ನಿಯಮ ಇದೆ. ಹುಳ ಹುಪ್ಪಟೆ ದೇಶದಿಂದ ದೇಶಕ್ಕೆ ಹೋಗಬಾರದು ಅಂತ ಮರವನ್ನು ಬಿಸಿ ಮಾಡಿ ಅಥವಾ ಹೊಗೆ ಹಾಕಿ ಸಂಸ್ಕರಿಸಿ, ಅದರ ಮುದ್ರೆ ಒತ್ತಿರಬೇಕು. ನಾನು ಸಹಾಯ ಮಾಡಿದ ಒಬ್ಬರಿಗೆ ಊರಿನ ಗೆಳೆಯರು ಪ್ರೀತಿಯಿಂದ ಸಾಮಿಲ್ಲಿನಲ್ಲಿ ಒಳ್ಳೆ ಮಾವಿನ ಹಲಗೆ ಕೊಯ್ಯಿಸಿ ಗಟ್ಟಿಮುಟ್ಟಾದ ಪೆಟ್ಟಿಗೆ ಮಾಡಿಸಿದ್ದರು. ಮುದ್ರೆ ಇರಲಿಲ್ಲ. ಬಂದರಿನ ಹತ್ತಿರ ಬಂದಮೇಲೆ ಪೆಟ್ಟಿಗೆ ಒಡೆದು ಬೇರೆ ಮಾಡಿಸಬೇಕಾಯಿತು. ಆ ಗೆಳೆಯರು ಎಷ್ಟು ನೊಂದುಕೊಂಡರು ಅಂದರೆ, ಹೊಸ ಪೆಟ್ಟಿಗೆಯ ದುಡ್ಡು ತಾವೇ ಕೊಡೋಕೆ ಹೊರಟರು. ಮೊದಲೇ ಹೇಳಿದ್ದರೆ ಆ ಬೇಜಾರು ತಪ್ಪುತ್ತಿತ್ತು. ಇಲ್ಲವೇ ಪೆಟ್ಟಿಗೆಯನ್ನು ಪೂರ್ತಿ ಪ್ಲೈವುಡ್ಡಿನಲ್ಲಿ ಅಥವಾ ಕಬ್ಬಿಣದ ಆಂಗಲ್ಲಿನಲ್ಲಿ ಮಾಡಿಸಿ. ಇವಕ್ಕೆ ಆ ಮುದ್ರೆ ಬೇಡ.

ಪೆಟ್ಟಿಗೆಯಲ್ಲಿ ಜಾಗ ಇದೆ ಅಂತ ಗೆಳೆಯರು ಪಿಸ್ಟನ್, ಕ್ಲಚ್ ಪ್ಲೇಟ್, ರಬ್ಬರ್ ಸೆಟ್ ಎಲ್ಲ ತುಂಬೋಕೆ ಹೊರಡುತ್ತಾರೆ. ಪ್ರೀತಿ ಅದು, ನನಗೆ ಗೊತ್ತು. ಆದರೆ ಹೊಸದಾಗಿ ಕೊಂಡ ಸಾಮಾನು ತಂದೆಯವರ ಆಸ್ತಿ ಅಲ್ಲ, ವಿನಾಯಿತಿ ಅದಕ್ಕೆ ಸಿಗೋದಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಪೆಟ್ಟಿಗೆಯಲ್ಲಿ ಸಿಕ್ಕರೆ ಇಡೀ ಪೆಟ್ಟಿಗೆಯ ಮೇಲೆ ಅನುಮಾನ ಬರುತ್ತದೆ. ತಂದೆಯವರೇ ಇಟ್ಟಿದ್ದ ಹಳೇ ಪ್ಲಗ್ಗು, ಟೂಲ್ ಕಿಟ್, ಪಂಪು ಇದ್ದರೆ ಖಂಡಿತ ತನ್ನಿ, ಒಂದೊಂದನ್ನೂ ಪಟ್ಟಿಯಲ್ಲಿ ಬರೆಸಿ. ಹೊಸ ಭಾಗಗಳ ಚಿಂತೆ ಬೇಡ. ಜಾವಾ ಹುಟ್ಟಿದ ಚೆಕ್ ನಾಡಿನಲ್ಲಿ ಇಂದಿಗೂ ಭಾಗಗಳು ಸಿಗುತ್ತವೆ. ನಮ್ಮ ಮೈಸೂರು ಬೈಕಿಗೆ ಅದರಲ್ಲಿ ಬಹಳಷ್ಟು ಹೊಂದುತ್ತವೆ.

ಇನ್ನೊಂದು ಕೋರಿಕೆ. "ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ" ಅಂತ ಯಾರಾದರೂ ಕಿಕ್ ಹೊಡೆಯೋಕೆ ಹೋದರೆ ತಡೆಯಿರಿ. ಹದಿನೈದು ವರ್ಷ ನಿಂತ ಎಂಜಿನ್ನಿನ ಒಳಗೆ ತುಕ್ಕು ಇರುತ್ತದೆ, ಕ್ರ್ಯಾಂಕ್ ಸೀಲ್ ಒಣಗಿ ಗಟ್ಟಿಯಾಗಿರುತ್ತದೆ. ಪ್ಲಗ್ ಬಿಚ್ಚಿ ಒಂದೆರಡು ಚಮಚ ಎಣ್ಣೆ ಬಿಟ್ಟು ಪ್ಲಗ್ ಮತ್ತೆ ಹಾಕಿಡಲಿ, ಅಷ್ಟು ಸಾಕು. ಬೈಕನ್ನು ತೊಳೆದು ಮಣ್ಣು, ಜೇಡರ ಬಲೆ ತೆಗೆಯಲಿ. ಪಾಲಿಶ್ ಹಾಕೋದು ಬೇಡ. ಬ್ರೇಕ್ ಡ್ರಮ್ ಬಿಚ್ಚಿ ಧೂಳು ಊದೋದಂತೂ ಬೇಡವೇ ಬೇಡ. ಆ ಕಾಲದ ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಶ್ವಾಸಕೋಶಕ್ಕೆ ಅದು ವಿಷ. ಆಸ್ಟ್ರೇಲಿಯಾದಲ್ಲಿರುವ ಓದುಗರು ಇದನ್ನು ಎರಡು ಸಲ ಓದಿ. ಅಲ್ಲಿ ಆಸ್ಬೆಸ್ಟಾಸ್ ಇರುವ ಒಂದು ವಾಷರ್ ಬಂದರೂ ಗಡಿಯಲ್ಲಿ ತಡೆಯುತ್ತಾರೆ.

ಹಡಗಿನ ವಿಷಯ ಬೇಗ ಮುಗಿಸುತ್ತೇನೆ. ಮೈಸೂರಿನಿಂದ ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೊ, ಅಲ್ಲಿಂದ ಚೆನ್ನೈ, ಅಲ್ಲಿಂದ ಇಲ್ಲಿಯ ಫೀಲಿಕ್ಸ್‌ಟೋ ಅಥವಾ ಲಂಡನ್ ಗೇಟ್‌ವೇ ಅನ್ನುವುದು ಒಂದು ಸಹಜ ದಾರಿ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗಿನಿಂದ ಎಷ್ಟೋ ಹಡಗುಗಳು ಆಫ್ರಿಕಾ ಸುತ್ತಿ ಬಂದಿವೆ. ಹಾಗೆ ಬಂದರೆ ಒಂದೆರಡು ವಾರ ಜಾಸ್ತಿ ಹಿಡಿಯುತ್ತದೆ. ದರ ಕೇಳುವಾಗ ಹುಷಾರಾಗಿರಿ. ಭಾರತದಲ್ಲಿ ಹೇಳುವ ಬಾಡಿಗೆ ಬಹಳ ಕಡಿಮೆ ಅನಿಸುತ್ತದೆ. ಇಲ್ಲಿ ಬಂದಿಳಿದ ಮೇಲೆ ಬಂದರಿನ ಶುಲ್ಕ, ಕಂಟೇನರ್ ಬಿಚ್ಚುವ ಶುಲ್ಕ, ಕಸ್ಟಮ್ಸ್ ಏಜೆಂಟರ ಫೀ, ಮನೆಗೆ ತಲುಪಿಸುವ ಲಾರಿ ಅಂತ ಸಾಲು ಸಾಲಾಗಿ ಬರುತ್ತದೆ. ಎಷ್ಟೋ ಸಲ ಹಡಗಿನ ಬಾಡಿಗೆಗಿಂತ ಇದೇ ಜಾಸ್ತಿ. "ಕವೆಂಟ್ರಿಯ ನನ್ನ ಮನೆ ಬಾಗಿಲಿಗೆ ಒಟ್ಟು ಎಷ್ಟು?" ಅಂತ ಬರಹದಲ್ಲಿ ಕೇಳಿ. ವಿಮೆ ಮಾಡಿಸಿ. ಹಡಗು ಮುಳುಗಿದರೆ ಮಾತ್ರ ಕೊಡುವ ವಿಮೆ ಬೇಡ, ಪೆಟ್ಟುಬಿದ್ದರೂ ಕೊಡುವ ವಿಮೆ ಬೇಕು. ಬೈಕಿನ ಬೆಲೆಯನ್ನು ನಿಜವಾಗಿ ಎಷ್ಟೋ ಅಷ್ಟೇ ತೋರಿಸಿ. ತೆರಿಗೆ ವಿನಾಯಿತಿ ಕೇಳುವಾಗಲೂ ಬೆಲೆ ಹೇಳಲೇಬೇಕು. ಹತ್ತು ಪೌಂಡ್ ಅಂತ ಬರೆದರೆ ನಾಳೆ ವಿಮೆಯವರೂ ಹತ್ತೇ ಪೌಂಡ್ ಕೊಡುತ್ತಾರೆ.

ಬೈಕ್ ಬ್ರಿಟನ್ನಿಗೆ ಬಂದ ದಿನದಿಂದ 14 ದಿನದೊಳಗೆ ಎಚ್‌ಎಂಆರ್‌ಸಿಗೆ, ಅಂದರೆ ಇಲ್ಲಿಯ ತೆರಿಗೆ ಇಲಾಖೆಗೆ, ತಿಳಿಸಬೇಕು. ಅದಕ್ಕೆ ನೋವಾ ಅಂತ ಹೆಸರು. ತೆರಿಗೆ ಸೊನ್ನೆ ಆದರೂ ಇದು ಬಿಡುವ ಹಾಗಿಲ್ಲ. ತಡ ಮಾಡಿದರೆ ದಿನಕ್ಕೆ 5 ಪೌಂಡ್ ದಂಡ ಬೀಳಬಹುದು. ನೋವಾ ಆಗದೆ ಡಿವಿಎಲ್‌ಎ ನೋಂದಣಿ ಮಾಡೋದಿಲ್ಲ. ಆಮೇಲೆ ವಿ55/5 ಫಾರಂ, 55 ಪೌಂಡ್ ನೋಂದಣಿ ಶುಲ್ಕ, ಆರ್‌ಸಿ, ಗುರುತು ಮತ್ತು ವಿಳಾಸದ ದಾಖಲೆ. ಆರ್‌ಸಿಯಲ್ಲಿ ತಯಾರಾದ ವರ್ಷ ಸ್ಪಷ್ಟವಾಗಿ ಇಲ್ಲದಿದ್ದರೆ ಬೈಕಿನ ವಯಸ್ಸಿಗೆ ಪತ್ರ ಬೇಕಾಗುತ್ತದೆ. ಇಲ್ಲಿಯ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ ಅಂಥ ಪತ್ರ ಕೊಡುತ್ತದೆ. 1946ರಲ್ಲಿ ಶುರುವಾದ ಸಂಘ ಅದು, ಹಳೇ ಬೈಕಿನ ಬಗ್ಗೆ ಪ್ರೀತಿಯಿಂದ ಕೂತು ಮಾತಾಡುವ ಜನ. ಜಾವಾದವರದ್ದೇ ಬೇರೆ ಸಂಘವೂ ಇಲ್ಲಿದೆ. ಮೈಸೂರಿನ ಗೆಳೆಯರು ಬೈಕನ್ನು ಹಡಗಿಗೆ ಹತ್ತಿಸಿದರೆ, ಇಳಿಸಿಕೊಂಡು ಎಬ್ಬಿಸೋಕೆ ಇವರು ಜೊತೆಗೆ ನಿಲ್ಲುತ್ತಾರೆ. ಬೈಕ್ ಬರುವ ಮೊದಲೇ ಸದಸ್ಯರಾಗಿ, ಅವರ ಜೊತೆ ಒಂದೆರಡು ಭಾನುವಾರ ಕಳೆಯಿರಿ.

40 ವರ್ಷ ದಾಟಿದ ವಾಹನಕ್ಕೆ ಇಲ್ಲಿ ರಸ್ತೆ ತೆರಿಗೆ ಸೊನ್ನೆ. ಗಾಡಿ ರಸ್ತೆಗೆ ಇಳಿಯಲು ಯೋಗ್ಯವಾ ಅಂತ ವರ್ಷಾವರ್ಷ ನೋಡುವ ಎಂಒಟಿ ಪರೀಕ್ಷೆಯೂ ಕಡ್ಡಾಯ ಅಲ್ಲ. ಆದರೂ ಮೊದಲ ಸಲ ಪರೀಕ್ಷೆ ಮಾಡಿಸಿ ಅನ್ನೋದು ನನ್ನ ಮಾತು. ಅಷ್ಟು ವರ್ಷ ನಿಂತ ಬ್ರೇಕನ್ನು ಇನ್ನೊಬ್ಬರ ಕಣ್ಣು ನೋಡಲಿ. ಹೊಗೆ ಜಾಸ್ತಿ ಬಿಡುವ ಗಾಡಿಗಳಿಗೆ ಲಂಡನ್ನಿನಲ್ಲಿ ಹಾಕುವ ಶುಲ್ಕವೂ ಹೀಗೆ ಹಿಸ್ಟಾರಿಕ್, ಅಂದರೆ ಹಳೇ ಕಾಲದ್ದು, ಅಂತ ನೋಂದಣಿಯಾದ ಬೈಕಿಗಿಲ್ಲ. 1980ಕ್ಕೆ ಮೊದಲಿನ ಬೈಕ್ ಆದ್ದರಿಂದ ಕಪ್ಪು ಹಲಗೆಯ ಮೇಲೆ ಬೆಳ್ಳಿ ಅಕ್ಷರದ ಹಳೇ ಕಾಲದ ನಂಬರ್ ಪ್ಲೇಟ್ ಹಾಕಿಕೊಳ್ಳಬಹುದು. ಜಾವಾದ ಮೆರೂನ್ ಬಣ್ಣಕ್ಕೆ ಅದು ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ. ಭಾರತದಲ್ಲೂ ಎಡಗಡೆ ಓಡಿಸುವುದರಿಂದ ಹೆಡ್‌ಲೈಟ್ ಬದಲಿಸಬೇಕಾಗಿಲ್ಲ, ಯುರೋಪಿನಿಂದ ತರುವವರಿಗೆ ಈ ಅನುಕೂಲ ಇಲ್ಲ. ಮೀಟರ್ ಕಿಲೋಮೀಟರಿನಲ್ಲಿದ್ದರೆ ಗಾಜಿನ ಮೇಲೆ ಮೈಲಿಯ ಗುರುತು ಅಂಟಿಸಿಕೊಳ್ಳಿ. ನಿಮ್ಮ ಹತ್ತಿರ ಕಾರಿನ ಲೈಸೆನ್ಸ್ ಮಾತ್ರ ಇದ್ದರೆ ಈಗಲೇ ಬೈಕ್ ಪರೀಕ್ಷೆಗೆ ಹೊರಡಿ. 125 ಸಿಸಿಯ ಲೈಸೆನ್ಸ್ ಸಾಲದು, ಕನಿಷ್ಠ ಎ2, ಅಂದರೆ ಅದರ ಮೇಲಿನ ದರ್ಜೆಯ ಲೈಸೆನ್ಸ್, ಬೇಕು. ಕಾಗದ ಓಡಾಡುವ ಸಮಯದಲ್ಲಿ ಅದು ಮುಗಿದುಹೋಗುತ್ತದೆ.

ಗೆಳೆಯರ ಬಗ್ಗೆ ಕೇಳಿದ್ದೀರಿ. ಮೂವರಲ್ಲಿ ಒಬ್ಬರನ್ನು ಮುಂದಾಳು ಮಾಡಿ, ಏಜೆಂಟರ ಜೊತೆ ಮಾತು ಅವರದ್ದೇ ಆಗಿರಲಿ. ಮೂರು ಜನ ಮೂರು ಕಡೆಯಿಂದ ಫೋನ್ ಮಾಡಿದರೆ ಕೆಲಸ ಕೆಡುತ್ತದೆ. ದುಡ್ಡನ್ನು ಮೊದಲೇ ಕಳಿಸಿಬಿಡಿ. "ಆಮೇಲೆ ಕೊಡಿ ಪರವಾಗಿಲ್ಲ" ಅಂತಾರೆ, ಕೇಳಬೇಡಿ. ಪೆಟ್ರೋಲ್, ಆಟೊ, ಜೆರಾಕ್ಸ್, ಕಚೇರಿಯಲ್ಲಿ ಕಳೆದ ಅರ್ಧ ದಿನದ ರಜೆ, ಇವೆಲ್ಲ ಅವರ ಜೇಬಿನಿಂದ ಹೋಗುತ್ತವೆ. ಅವರು ಲೆಕ್ಕ ಹೇಳೋದಿಲ್ಲ, ನೀವೇ ಅಂದಾಜು ಮಾಡಿ ಹಾಕಬೇಕು. ರಿಸ್ಟೋರ್ ಬೇಡ ಅನ್ನೋದನ್ನು ಹೇಳುವ ರೀತಿಯೂ ಮುಖ್ಯ. ನಿಮ್ಮ ಕೈಕೆಲಸದ ಮೇಲೆ ನಂಬಿಕೆ ಇಲ್ಲ ಅಂತ ಅವರಿಗೆ ಅನಿಸಬಾರದು. ಟ್ಯಾಂಕಿನ ಪಕ್ಕದಲ್ಲಿ ಅಪ್ಪನ ಮೊಣಕಾಲು ತಾಗಿ ತಾಗಿ ಕ್ರೋಮ್ ಸವೆದಿರುತ್ತದೆ, ಅದು ಹಾಗೇ ಬೇಕು ಅಂತ ಹೇಳಿ. ಜಾವಾ ಓಡಿಸುವವರಿಗೆ ಅದು ತಕ್ಷಣ ಅರ್ಥ ಆಗುತ್ತದೆ.

ಬೈಕ್ ಬಂದು ಸೀಲುಗಳನ್ನು ಬದಲಿಸಿ ಓಡಿಸೋಕೆ ಶುರು ಮಾಡಿದ ಮೇಲೆ ಇಲ್ಲಿಯ ಇ10 ಪೆಟ್ರೋಲ್ ಹಾಕಬೇಡಿ. 2021ರಿಂದ ಬಂಕುಗಳಲ್ಲಿ ಮಾಮೂಲಿ ಸಿಗೋದು ಅದೇ. ಅದರ ಎಥನಾಲ್ ಹಳೇ ರಬ್ಬರನ್ನು ತಿನ್ನುತ್ತದೆ, ಟ್ಯಾಂಕಿನಲ್ಲಿ ನೀರು ಹಿಡಿಯುತ್ತದೆ. ಸೂಪರ್ ಅಂತ ಬರೆದಿರುವ ಇ5 ಹಾಕಿ, ಟುಟಿ (ಟೂ-ಸ್ಟ್ರೋಕ್) ಎಣ್ಣೆಯನ್ನು ಪೆಟ್ರೋಲಿಗೆ ಡಬ್ಬದಲ್ಲೇ ಕಲಸಿ ಆಮೇಲೆ ಟ್ಯಾಂಕಿಗೆ ಸುರಿಯಿರಿ.

ಈ ವಾರ ಆರ್‌ಸಿಯ ಎಲ್ಲ ಪುಟಗಳ ಫೋಟೊ ಮತ್ತು ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತರಿಸಿ ನನಗೂ ಕಳಿಸಿ. ಎರಡೂ ಹೊಂದುತ್ತವಾ ಅಂತ ಮೊದಲು ನೋಡೋಣ. ಫಾರಂ 31ಕ್ಕೆ ಅದಾದ ಮೇಲೆ ಕೈ ಹಾಕಿ.